ಬಡವಾಗ್ತದೆ ಮಿಸ್

ಇವತ್ತು ಬೆಳಿಗ್ಗೆ ನಮ್ಮ ಮಂಗಳೂರಿನ ಉರ್ವ ಮಾರ್ಕೆಟಿಗೆ ಮೀನಿಗೆಂದು ಹೊರಟವನು ಚರಂಡಿಯ ಮೇಲಿನ ಚಪ್ಪಡಿಗೆ ಎಡವಿದೆ. ಆ ಚಪ್ಪಡಿ ಒಂದು ಮೂಲೆ ಎತ್ತಿಕೊಂಡು ಕೂತು ಎಷ್ಟು ಕಾಲವಾಯಿತೋ ಏನೋ. ನಾನು ಅದನ್ನು ದಿನಾ ನೋಡುತ್ತೇನೆ, ಯಾರಾದರೂ ಬಿದ್ದು ಹಲ್ಲು ಮುರಿದುಕೊಂಡಾರು ಎಂದು ಮನೆಗೆ ಬಂದು ದಿನಾ ಬೈಯುತ್ತೇನೆ. ಇವತ್ತು ಆ ಯಾರಾದರೂ ನಾನೇ ಆದೆ. ಹಲ್ಲು ಉಳಿಯಿತು, ಹೆಬ್ಬೆರಳಿನ ಉಗುರು ಕಿತ್ತುಬಂತು. ಬಾಯಿಂದ "ಅಪ್ಪೇ!" ಎಂದು ಹೊರಟಿತು.

ಸ್ಕೂಟರಿನಲ್ಲಿ ಹೋಗುತ್ತಿದ್ದ ಒಬ್ಬ ಗಾಡಿ ನಿಲ್ಲಿಸಿ, "ಎಂತಾಯ್ತು ಅಂಕಲ್? ಡಾಕ್ಟರಲ್ಲಿಗೆ ಬಿಡ್ಬೇಕಾ?" ಎಂದು ಕೇಳಿದ. "ಎಂತ ಇಲ್ಲ ಮಾರಾಯ, ನೀನು ಹೋಗು" ಎಂದು ಅವನನ್ನು ಕಳಿಸಿ, ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಬೆರಳು ಒತ್ತಿ ಹಿಡಿದು ಕೂತೆ. ನನ್ನ ತಾಯಿ ತೀರಿಹೋಗಿ ವರ್ಷಗಳಾದವು. ಅವಳನ್ನು ಕರೆಯಬೇಕೆಂದು ನಾನು ಯೋಚನೆ ಮಾಡಿ ಕರೆದದ್ದಲ್ಲ. ನೋವಾಯಿತು, ಪದ ಬಂತು, ಅಷ್ಟೇ. ಇಂಥ ಪದಗಳನ್ನು ನನ್ನ ಮೊಮ್ಮಗಳ ಬಾಯಿಂದ ತೆಗೆದುಬಿಡಬೇಕೆಂದು ನನಗೆ ಉಪದೇಶ ಮಾಡಿದವರ ನೆನಪು ಬಂದದ್ದೇ ತಡ, ಬೆರಳಿಗಿಂತ ಹೆಚ್ಚು ತಲೆ ಉರಿಯಲು ಶುರುವಾಯಿತು. ಆ ಉರಿಯಲ್ಲಿಯೇ ಮನೆಗೆ ಬಂದು ಇದನ್ನು ಬರೆಯಲು ಕೂತಿದ್ದೇನೆ. ಮೀನು ತರುವುದು ಮರೆತೇ ಹೋಯಿತು. ಅದಕ್ಕೆ ಸಿಗಬೇಕಾದ ಬೈಗುಳ ಅಡುಗೆಮನೆಯಿಂದ ಈಗಾಗಲೇ ಸಿಕ್ಕಿದೆ.

ಘಟ್ಟದ ಮೇಲಿನ ಓದುಗರಿಗಾಗಿ ಇಲ್ಲೊಂದು ಮಾತು ಹೇಳಲೇಬೇಕು. ನಮ್ಮ ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ. ತಂದೆಗೆ ನಾವು ಹೇಳುವುದು ಅಮ್ಮೆ. ಹೌದು, ನೀವು ಸರಿಯಾಗಿಯೇ ಓದಿದಿರಿ. ಎರಡು ಭಾಷೆಗಳಲ್ಲಿ ಯಾವುದು ತಲೆಕೆಳಗಾಗಿ ನಿಂತಿದೆ ಎಂಬ ಜಗಳಕ್ಕೆ ನಾನು ಬರುವುದಿಲ್ಲ. ಈಗಿನ ಮನೆಗಳಲ್ಲಿ ಮಮ್ಮಿ, ಡ್ಯಾಡಿ ಬಂದು ಆ ಜಗಳವೂ ಮುಗಿದಿದೆ. ನಾನು ಶಾಲೆಗೆ ಸೇರಿದಾಗ ಮುಗಿದಿರಲಿಲ್ಲ. ಗುರುಪುರ ಹೊಳೆಯ ಆಚೆ ನಮ್ಮ ಊರು. ಮನೆಯಲ್ಲಿ, ಗದ್ದೆಯಲ್ಲಿ, ಕೋಳಿ ಓಡಿಸುವಾಗ, ದೇವರ ಮುಂದೆ ನಿಂತಾಗ ಎಲ್ಲ ತುಳು. ಕನ್ನಡವೆಂಬುದು ಶಾಲೆಯ ಗೇಟಿನ ಒಳಗೆ ಮಾತ್ರ ಇರುವ ವಸ್ತು. ಅಲ್ಲಿ ತುಳು ಮಾತಾಡಿದರೆ ಅಂಗೈಗೆ ಬೆತ್ತ.

ಮೂರನೆಯ ಕ್ಲಾಸಿನಲ್ಲಿ ಮಾಸ್ತರರು 'ನನ್ನ ಮನೆ' ಎಂದು ಪ್ರಬಂಧ ಬರೆಯಲು ಹೇಳಿದರು. ನಾನು ಸ್ಲೇಟಿನ ತುಂಬ ಬರೆದೆ: 'ನನ್ನ ಅಮ್ಮ ಗದ್ದೆ ಉಳುತ್ತಾರೆ. ಅವರಿಗೆ ದೊಡ್ಡ ಮೀಸೆ ಇದೆ. ಅಮ್ಮ ಸಂಜೆ ಬೀಡಿ ಸೇದುತ್ತಾರೆ. ನನ್ನ ಅಪ್ಪ ಮೀನು ಸಾರು ಮಾಡುತ್ತಾರೆ. ಅಪ್ಪ ತಲೆಗೆ ಮಲ್ಲಿಗೆ ಮುಡಿಯುತ್ತಾರೆ.' ಮಾಸ್ತರರು ಅದನ್ನು ಗಟ್ಟಿಯಾಗಿ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಕ್ಲಾಸಿನಲ್ಲಿ ಬೇರೆ ಯಾರೂ ನಗಲಿಲ್ಲ. ನಗುವಂಥದ್ದು ಅದರಲ್ಲಿ ಏನಿದೆ ಎಂದು ಯಾರಿಗೂ ಗೊತ್ತಾಗಲಿಲ್ಲ. ಅವರೆಲ್ಲರ ಮನೆಯಲ್ಲಿಯೂ ಮೀಸೆ ಇದ್ದದ್ದು ಅಮ್ಮೆಗೇ. ಒಬ್ಬರೇ ನಕ್ಕು ಮಾಸ್ತರರಿಗೆ ನಾಚಿಕೆಯಾಯಿತೋ ಏನೋ, ಕೊನೆಗೆ ನನ್ನ ಅಂಗೈಗೆ ಎರಡು ಬಿಗಿದರು. ಅವರೂ ತುಳುವರೇ. ಮಳೆಗಾಲದಲ್ಲಿ ಒಂದು ದಿನ ಕಪ್ಪು ಹಲಗೆಯ ಹಿಂದಿನಿಂದ ಕಣಜ ಎದ್ದು ಅವರ ಕಿವಿಗೆ ಕಚ್ಚಿದಾಗ ಅವರು ಕೂಗಿಕೊಂಡದ್ದು ಕನ್ನಡದಲ್ಲಲ್ಲ. ಆದರೆ ಅವರ ಅಂಗೈಗೆ ಹೊಡೆಯುವವರು ಯಾರೂ ಇರಲಿಲ್ಲ.

ಹೀಗೆ ಪುಸ್ತಕದಿಂದ ಕಲಿತ ಕಾರಣ ನಮ್ಮ ಕನ್ನಡ ಇವತ್ತಿಗೂ ಇಸ್ತ್ರಿ ಹಾಕಿದ ಅಂಗಿಯ ಹಾಗೆ ಇರುತ್ತದೆ. ಬೆಂಗಳೂರಿನ ಕಡೆಗೆ ಹೋಗಿ "ತಾವು ಎಲ್ಲಿಗೆ ಹೋಗುತ್ತೀರಿ?" ಎಂದು ರಿಕ್ಷಾದವನನ್ನು ಕೇಳಿದರೆ ಅವನು ನಮ್ಮನ್ನು ಯಕ್ಷಗಾನದ ವೇಷ ಕಳಚಿಟ್ಟು ಬಂದವರೋ ಎಂಬಂತೆ ನೋಡುತ್ತಾನೆ. ನೋಡಲಿ. ಪೆಟ್ಟು ತಿಂದು ಕಲಿತರೂ ನನಗೆ ಕನ್ನಡದ ಮೇಲೆ ಸಿಟ್ಟು ಬರಲಿಲ್ಲ, ಪ್ರೀತಿಯೇ ಬಂತು. ಹೋಟೆಲ್ ನಡೆಸುವವನು ಹೀಗೆ ಕನ್ನಡದಲ್ಲಿ ಪ್ರಬಂಧ ಬರೆಯುತ್ತಾ ಕೂರುವುದು ಪ್ರೀತಿಯಲ್ಲದೆ ಮತ್ತೇನು? ನನ್ನ ಅಳಿಯನ ಪ್ರಕಾರ ಅದು ಬೇರೆ ಕೆಲಸವಿಲ್ಲದಿರುವುದು.

ಹೋಟೆಲೆಂದರೆ ದೊಡ್ಡದೇನಲ್ಲ. ಕಂಕನಾಡಿಯಲ್ಲಿ, ಆಸ್ಪತ್ರೆಗಳ ನಡುವೆ, ಮಧ್ಯಾಹ್ನ ಮೀನೂಟ, ಸಂಜೆ ಚಹಾ, ಗೋಳಿಬಜೆ. ಗಿರಾಕಿಗಳಲ್ಲಿ ಹೆಚ್ಚಿನವರು ರೋಗಿಯನ್ನು ಒಳಗೆ ಮಲಗಿಸಿ ಹೊರಗೆ ಬಂದವರು. ಕಾಸರಗೋಡಿನವರು ಮಲಯಾಳದಲ್ಲಿ ಕೇಳುತ್ತಾರೆ, ಉಳ್ಳಾಲದವರು ಬ್ಯಾರಿಯಲ್ಲಿ, ಪಕ್ಕದ ಬೀದಿಯವರು ಕೊಂಕಣಿಯಲ್ಲಿ, ರೈಲಿನಿಂದ ಇಳಿದವರು ಹಿಂದಿಯಲ್ಲಿ. 'ಬಂಗುಡೆ ಮುಗಿದಿದೆ, ಬೂತಾಯಿ ಉಂಟು' ಎಂಬ ಒಂದೇ ಮಾತನ್ನು ನಾನು ಕ್ಯಾಷಿನಲ್ಲಿ ಕೂತು ಇಷ್ಟೂ ಭಾಷೆಗಳಲ್ಲಿ ಹೇಳಬಲ್ಲೆ. ಯಾರೂ ನನಗೆ ಕಲಿಸಿದ್ದಲ್ಲ. ಹಸಿದು ಬಂದವನಿಗೆ ಉತ್ತರ ಕೊಡಲೇಬೇಕಲ್ಲ. ಇಷ್ಟು ಭಾಷೆಗಳಿಂದ ನನ್ನ ತಲೆ ಯಾವತ್ತೂ ಕೆಡಲಿಲ್ಲ. ಕೊಂಕಣಿಯವನಿಗೆ ಬ್ಯಾರಿಯಲ್ಲಿ ಹೇಳಿ ಬಂಗುಡೆಯ ಬದಲು ಬೂತಾಯಿ ಬಡಿಸಿದ ಪ್ರಸಂಗ ಒಂದೂ ಇಲ್ಲ.

ಈಗ ನನ್ನ ಮೊಮ್ಮಗಳ ವಿಷಯಕ್ಕೆ ಬರುತ್ತೇನೆ. ಹೆಸರು ತನ್ವಿ. ಯುಕೆಜಿ. ಅವಳ ತಾಯಿ, ಅಂದರೆ ನನ್ನ ಮಗಳು ವಿನಯಾ, ಇಲ್ಲೇ ಬ್ಯಾಂಕಿನಲ್ಲಿದ್ದಾಳೆ. ಅಳಿಯ ದುಬೈಯಲ್ಲಿ. ಹಾಗಾಗಿ ತಾಯಿ ಮಗಳು ಇಬ್ಬರೂ ನಮ್ಮ ಜೊತೆ ಉರ್ವದ ಫ್ಲ್ಯಾಟಿನಲ್ಲೇ ಇರುವುದು. ಮಗಳು ಬ್ಯಾಂಕಿಗೆ ಹೋದ ಮೇಲೆ ಮಗು ನನ್ನದು ಮತ್ತು ನನ್ನ ಹೆಂಡತಿ ಲೀಲಾಳದು. ನಮ್ಮಲ್ಲಿ ತುಳು, ಅವಳ ತಾಯಿಯ ಹತ್ತಿರ ಅರ್ಧ ತುಳು ಅರ್ಧ ಕನ್ನಡ, ವಿಡಿಯೋ ಕಾಲಿನಲ್ಲಿ ಅಪ್ಪನ ಹತ್ತಿರ ಕನ್ನಡ, ಟೀವಿಯಿಂದ ಇಂಗ್ಲಿಷ್, ಕೆಳಗಿನ ವಾಚ್‌ಮನ್ನನಿಂದ ಹಿಂದಿ.

ಮಗು ಮಾತು ಕಲಿಯುವುದನ್ನು ನಾನು ಈ ಸಲವೇ ಸರಿಯಾಗಿ ನೋಡಿದ್ದು. ನನ್ನ ಮಗಳು ಮಾತು ಕಲಿಯುವಾಗ ನಾನು ಕ್ಯಾಷಿನಲ್ಲಿದ್ದೆ. ತನ್ವಿಗೆ ಕನ್ನಡದಲ್ಲಿ 'ತಿಂದೆ' ಎನ್ನಲು ಬರುತ್ತಿರಲಿಲ್ಲ. 'ತಿನ್ನಿದೆ' ಎನ್ನುತ್ತಿದ್ದಳು. "ಅಮ್ಮಾ, ನಾನು ದೋಸೆ ತಿನ್ನಿದೆ." ಎಲ್ಲರೂ ನಗುತ್ತಿದ್ದರು. ನಾನು ನಗುತ್ತಾ ಯೋಚಿಸಿದೆ: ಈ ಮನೆಯಲ್ಲಿ ಯಾರೂ 'ತಿನ್ನಿದೆ' ಎನ್ನುವುದಿಲ್ಲವಲ್ಲ, ಇವಳಿಗೆ ಇದು ಎಲ್ಲಿಂದ ಸಿಕ್ಕಿತು? ಎಲ್ಲಿಂದಲೂ ಅಲ್ಲ. 'ಮಾಡಿದೆ', 'ನೋಡಿದೆ' ಎಂದು ಕೇಳಿ, ಹಾಗಾದರೆ ಇದೂ ಹೀಗೇ ಇರಬೇಕೆಂದು ಅವಳೇ ಮಾಡಿಕೊಂಡದ್ದು. ಹಾಲುಹಲ್ಲಿನ ಮಗು ಕೂತು ವ್ಯಾಕರಣ ಮಾಡುತ್ತಿದೆ, ನಾವು ಅದಕ್ಕೆ ತಪ್ಪು ಎನ್ನುತ್ತೇವೆ!

ಇನ್ನೊಂದು. ಅಡುಗೆಮನೆಯಿಂದ ಅವಳ ತಾಯಿ ಕನ್ನಡದಲ್ಲಿ, "ಅಜ್ಜನನ್ನು ಊಟಕ್ಕೆ ಕರಿ" ಎಂದರೆ ಅವಳು ಪುಟುಪುಟು ಓಡಿಬಂದು ನನಗೆ ಹೇಳುವುದು, "ಅಜ್ಜಾ, ಒಣಸ್‌ಗ್ ಬರೊಡುಗೆ." ಊಟಕ್ಕೆ ಬರಬೇಕಂತೆ. ಕನ್ನಡ ಬಿಟ್ಟು ತುಳುವಿಗೆ ತಂದದ್ದು ಒಂದು ಕಡೆ ಇರಲಿ. ಕೊನೆಯ ಆ 'ಗೆ', ಅಂದರೆ 'ಅಂತೆ', ನೋಡಿ. ಹೇಳಿದವಳು ನಾನಲ್ಲ, ಹೇಳಿ ಕಳಿಸಿದವರು ಬೇರೆ, ನನ್ನ ಮೇಲೆ ಸಿಟ್ಟು ಮಾಡಬೇಡಿ ಎಂಬುದೆಲ್ಲ ಅದರಲ್ಲಿ ಬಂತು. ವಕೀಲರೂ ಇಷ್ಟು ಜಾಗ್ರತೆಯಲ್ಲಿ ಮಾತಾಡುವುದಿಲ್ಲ. ವಾಚ್‌ಮನ್ನನಿಗೆ ಅವಳು ಯಾವತ್ತೂ ತುಳುವಿನಲ್ಲಿ ಹೇಳಿದವಳಲ್ಲ, ಅಜ್ಜಿಗೆ ಯಾವತ್ತೂ ಹಿಂದಿಯಲ್ಲಿ ಹೇಳಿದವಳಲ್ಲ. ಬೇಲಿಯ ಮೇಲೆ ಕೂರುವ ಬೆಕ್ಕಿಗೆ ತುಳು. ಆ ಬೆಕ್ಕು ಬೇರೆ ಯಾವ ಭಾಷೆಗೂ ತಿರುಗಿ ನೋಡುವುದಿಲ್ಲ ಎಂದು ಅವಳೇ ನನಗೆ ವಿವರಿಸಿದ್ದಾಳೆ.

ಇಂಥ ಮಗುವಿಗೆ ಭಾಷೆಯ ತೊಂದರೆ ಇದೆಯಂತೆ. ಹೇಳಿದ್ದು ಶಾಲೆಯವರು.

ಆದದ್ದು ಇಷ್ಟು. ಜೂನಿನಲ್ಲಿ ಶಾಲೆ ಶುರುವಾಯಿತು. ಕ್ಲಾಸ್ ಟೀಚರ್ ಹೊಸಬರು, ದಾವಣಗೆರೆಯ ಕಡೆಯವರು, ಒಳ್ಳೆಯ ಹುಡುಗಿ, ತುಳುವಿನ ಗಂಧವಿಲ್ಲ. ಅದು ಅವರ ತಪ್ಪಲ್ಲ. ಶಾಲೆಯ ನಿಯಮ ಇಂಗ್ಲಿಷ್, ತೀರಾ ಬಾರದಿದ್ದರೆ ಕನ್ನಡ. ತನ್ವಿ ಒಂದು ದಿನ ಬೆಳಿಗ್ಗೆ ವ್ಯಾನ್ ಬಂತೆಂದು ನೀರುದೋಸೆಯನ್ನು ಅರ್ಧಕ್ಕೇ ಬಿಟ್ಟು ಓಡಿದ್ದಳು. ಹತ್ತು ಗಂಟೆಯ ಹೊತ್ತಿಗೆ ಹಸಿವಾಯಿತು. ಹಸಿವಿಗೆ ತುಳುವಿನಲ್ಲಿ ಬಡವು ಎನ್ನುತ್ತಾರೆ. 'ಎಂಕ್ ಬಡವಾಪುಂಡು' ಎಂದರೆ ನನಗೆ ಹಸಿವಾಗುತ್ತಿದೆ. ಮಗು ನಿಯಮ ಪಾಲಿಸಿತು. ತುಳು ಮಾತಾಡಬಾರದಲ್ಲ? ಅದನ್ನೇ ನೀಟಾಗಿ ಕನ್ನಡ ಮಾಡಿ, ಎದ್ದು ನಿಂತು, ಕೈಕಟ್ಟಿ ಹೇಳಿತು: "ಮಿಸ್, ನಂಗೆ ಬಡವಾಗ್ತದೆ."

ಟೀಚರಿಗೆ ಕನಿಕರ ಉಕ್ಕಿ ಬಂತು. "ಹಂಗೆಲ್ಲ ಅನ್ನಬಾರ್ದು ಪುಟ್ಟಾ. ಇಲ್ಲಿ ಯಾರೂ ಬಡವರಲ್ಲ, ಯಾರೂ ಸಾಹುಕಾರರಲ್ಲ. ಎಲ್ಲರೂ ಒಂದೇ."

"ಇಲ್ಲ ಮಿಸ್, ತುಂಬ ಬಡವಾಗ್ತದೆ. ಬೆಳಗ್ಗಿಂದ."

"ಅಯ್ಯೋ! ಮನೇಲಿ ಯಾರಾದ್ರೂ ಹಂಗಂದ್ರಾ?"

"ಮನೇಲಿ ಅಜ್ಜಂಗೆ ಸಹ ಬಡವಾಗ್ತದೆ ಮಿಸ್. ಆಗ ಅಜ್ಜ ಅಜ್ಜಿಗೆ ಜೋರು ಮಾಡ್ತಾರೆ."

ಇದೆಲ್ಲ ನನಗೆ ತಿಳಿದದ್ದು ಆಮೇಲೆ, ಅದೇ ಟೀಚರ್ ಬಾಯಿಂದ. ನಕ್ಕುಬಿಡಿ, ನಾನೂ ಮೊದಲು ನಕ್ಕೆ. ಹೋಟೆಲಿನಲ್ಲಿ ಹೇಳಿದೆ, ಸಪ್ಲೈಯರ್‌ಗಳು ಇಡೀ ವಾರ, "ಧಣಿಗಳಿಗೆ ಬಡವಾಗ್ತದಂತೆ, ಒಂದು ಪ್ಲೇಟ್ ಬಜೆ ಕೊಡಿ" ಎಂದು ತಮಾಷೆ ಮಾಡಿದರು. ಆದರೆ ನಗು ಇಳಿದ ಮೇಲೆ ನನಗೆ ಕಂಡದ್ದು ಬೇರೆ. ಮಗುವಿಗೆ ಹಸಿವಾಗಿತ್ತು. ಮೂರು ಸಲ ಹೇಳಿತು. ಬ್ಯಾಗಿನಲ್ಲಿ ಬುತ್ತಿ ಇತ್ತು. ಮಂಗಳೂರಿನ ನಡುಮಧ್ಯೆ ಕೂತು ನನಗೆ ಹಸಿವು ಎಂದು ಹೇಳಿದ ಮಗುವಿಗೆ ಸಿಕ್ಕಿದ್ದು ಸಮಾನತೆಯ ಬಗ್ಗೆ ಒಂದು ಪಾಠ. ಊಟದ ಬೆಲ್ ಆಗುವವರೆಗೆ ಅದು ಡೆಸ್ಕಿಗೆ ತಲೆಯಿಟ್ಟು ಅತ್ತಿತಂತೆ. ಬಡವರ ಮನೆಯ ಮಗು ಎಂದು ಟೀಚರ್ ತಲೆ ಸವರಿದರಂತೆ.

ಮರುದಿನ ಹೆಡ್‌ಮಿಸ್ ಕರೆಸಿದರು. ವಿನಯಾ ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿದಳು, ನಾನೂ ಇಸ್ತ್ರಿ ಅಂಗಿ ಹಾಕಿ ಹೊರಟೆ. ನಮ್ಮನ್ನು ಕೂರಿಸಿದ್ದು ಯುಕೆಜಿ ಕೋಣೆಯಲ್ಲಿ, ಮಕ್ಕಳ ಕುರ್ಚಿಗಳ ಮೇಲೆ. ಮೊಣಕಾಲು ಗದ್ದಕ್ಕೆ ತಾಗುತ್ತಿದ್ದ ಆ ಸ್ಥಿತಿಯಲ್ಲಿ ಯಾರೂ ಸಿಟ್ಟು ಮಾಡಲು ಸಾಧ್ಯವಿಲ್ಲ. ಹೆಡ್‌ಮಿಸ್ ಸೌಮ್ಯವಾಗಿ ಹೇಳಿದರು: "ನೋಡಿ, ಮನೆಯಲ್ಲಿ ಮೂರು ನಾಲ್ಕು ಭಾಷೆ ಆದ್ರೆ ಮಗುವಿಗೆ ಕನ್‌ಫ್ಯೂಷನ್ ಆಗ್ತದೆ. ಅವಳಿಗೆ ಲ್ಯಾಂಗ್ವೇಜ್ ಪ್ರಾಬ್ಲಮ್ ಉಂಟು. ಬರುವ ವರ್ಷ ಫಸ್ಟ್ ಸ್ಟ್ಯಾಂಡರ್ಡ್‌ಗೆ ಇಂಟರ್‌ವ್ಯೂ ಉಂಟಲ್ಲ? ಇವತ್ತಿನಿಂದ ಎಲ್ರೂ ಅವಳ ಹತ್ರ ಇಂಗ್ಲಿಷ್ ಮಾತ್ರ ಮಾತಾಡಿ. ಅಜ್ಜ ಅಜ್ಜಿ ಸಹ."

ಅಲ್ಲ ಸ್ವಾಮಿ, ಮಗುವಿಗೆ ಬರುವ ಭಾಷೆ ನಾಲ್ಕು. ಅದು ಹೇಳಿದ ಒಂದು ಪದ ಅರ್ಥವಾಗದೆ ಹೋದದ್ದು ದೊಡ್ಡವರಿಗೆ. ತೊಂದರೆ ಯಾರಿಗೆ ಇದ್ದ ಹಾಗಾಯಿತು? ಗೊಂದಲ ಯಾರದು? ಶಾಲೆಯ ಆಯಾಳನ್ನು ಕರೆದು 'ಈ ಮಗು ಏನು ಹೇಳುತ್ತಿದೆ' ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಇಡೀ ಶಾಲೆಯಲ್ಲಿ ಆ ಪದ ಗೊತ್ತಿರುವವರಿಗೆ ಬರವಿತ್ತೇ? ಹೆಡ್‌ಮಿಸ್ಸೇ ಇಲ್ಲಿನ ಶಕ್ತಿನಗರದವರು, ಮನೆಮಾತು ತುಳು. ನಮಗೆ ಬೆತ್ತದ ಪೆಟ್ಟು ಕೊಟ್ಟು ತುಳು ಬಿಡಿಸಲು ನೋಡಿದ್ದು ಕನ್ನಡಕ್ಕಾಗಿ. ಈಗ ಆ ಕನ್ನಡವನ್ನೂ ಹೊರಗೆ ನಿಲ್ಲಿಸಿದ್ದಾರೆ. ಬೆತ್ತ ಹೋಗಿ ಸೌಮ್ಯವಾದ ಸ್ವರ ಬಂದಿದೆ, ಅಷ್ಟೇ ವ್ಯತ್ಯಾಸ. ಇದೆಲ್ಲವನ್ನೂ ನಾನು ಹೆಡ್‌ಮಿಸ್‌ಗೆ ಹೇಳಿದೆ ಎಂದು ನೀವು ತಿಳಿದಿದ್ದರೆ ನಿಮಗೆ ನನ್ನ ಪರಿಚಯವಿಲ್ಲ. ಕ್ಯಾಷಿನಲ್ಲಿ ಕೂತರೆ ಗುಡುಗುವ ನಾನು ಆ ಪುಟ್ಟ ಕುರ್ಚಿಯ ಮೇಲೆ "ಆಯ್ತು ಮೇಡಂ" ಅಂದೆ. ಎದ್ದಾಗ ಕುರ್ಚಿಯೂ ನನ್ನ ಜೊತೆಗೇ ಎದ್ದಿತು.

ಗುಡುಗಿದ್ದು ಮನೆಗೆ ಬರುವಾಗ ಕಾರಿನಲ್ಲಿ. ನಮ್ಮ ಮಾತು ನಡೆದದ್ದು ತುಳುವಿನಲ್ಲಿ, ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ.

"ನೀನು ಅವರು ಹೇಳಿದ್ದಕ್ಕೆಲ್ಲ ತಲೆ ಆಡಿಸಿದ್ದು ಎಂತಕ್ಕೆ?" ಎಂದು ಕೇಳಿದೆ.

"ನೀವು ಸಹ ಆಡಿಸಿದ್ರಲ್ಲ?"

"ನಾನು ಆಡಿಸಿದ್ದು ಮರ್ಯಾದೆಗೆ. ನನ್ನ ಮೊಮ್ಮಗಳ ಹತ್ರ ನಾನು ತುಳು ಮಾತಾಡ್ಲಿಕ್ಕೆ ಇವರ ಪರ್ಮಿಷನ್ ಬೇಕಾ?"

ವಿನಯಾ ಗೇರ್ ಬದಲಿಸಿದಳು. ಆಮೇಲೆ ಹೇಳಿದಳು: "ಅಪ್ಪ, ನಾನು ಕನ್ನಡ ಮೀಡಿಯಮ್‌ನಿಂದ ಕಾಲೇಜಿಗೆ ಹೋದವಳು. ಮೊದಲನೇ ವಾರ ಲೆಕ್ಚರರ್ ಇಂಗ್ಲಿಷಲ್ಲಿ ಒಂದು ಪ್ರಶ್ನೆ ಕೇಳಿದ್ರು. ಉತ್ತರ ಗೊತ್ತಿತ್ತು, ಬಾಯಿ ಬರ್ಲಿಲ್ಲ. ನಿಂತೇ ಇದ್ದೆ. ಹಿಂದಿನ ಬೆಂಚಿನವರು ನಗ್ತಾ ಇದ್ರು. ಈಗ ಸಹ ಮೀಟಿಂಗ್ ಇದ್ರೆ ನಂಗೆ ಬೆಳಗ್ಗೆ ಎದ್ದ ಕೂಡ್ಲೇ ಹೊಟ್ಟೆ ನೋವಾಗ್ತದೆ. ನಿಮ್ಗೆ ಗೊತ್ತುಂಟಾ ಅದು? ಅವಳಿಗೆ ಹಾಗೆ ಆಗ್ಬಾರ್ದು. ಅವಳ ಅಪ್ಪ ಯಾವಾಗ ದುಬೈಗೆ ಕರ್ಕೊಂಡು ಹೋಗ್ತಾರೆ ಅಂತ ಸಹ ಹೇಳ್ಲಿಕ್ಕೆ ಬರುದಿಲ್ಲ. ನಿಮ್ಮ ಕಾಲಿಗೆ ಬೀಳ್ತೇನೆ, ಇಂಟರ್‌ವ್ಯೂ ಮುಗಿಯುವವರೆಗೆ ಹೇಳಿದ ಹಾಗೆ ಕೇಳಿ."

ನನ್ನ ಸಿಟ್ಟು ಅಲ್ಲಿಗೆ ನಿಂತಿತು. ಹೋಯಿತು ಎಂದಲ್ಲ, ಎಲ್ಲಿಗೆ ಹೋಗಬೇಕೆಂದು ಗೊತ್ತಾಗದೆ ನಿಂತಿತು. ಹೆದರಿದವಳ ಮೇಲೆ ಸಿಟ್ಟು ಮಾಡುವುದು ಹೇಗೆ? ಇಷ್ಟು ಒಳ್ಳೆಯ ಮಗಳನ್ನು ಇಷ್ಟು ಹೆದರಿಸಿಟ್ಟದ್ದು ಯಾರು ಎಂದು ಯೋಚಿಸಿದರೆ ಹಿಡಿದು ಕೇಳಲು ಒಬ್ಬರೂ ಸಿಗುವುದಿಲ್ಲ.

ಹೀಗೆ ನಮ್ಮ ಮನೆಯಲ್ಲಿ ಇಂಗ್ಲಿಷ್ ಜಾರಿಗೆ ಬಂತು. ಲೀಲಾ ಕೇಳಿದ್ದು ಒಂದೇ ಪ್ರಶ್ನೆ, "ನಂಗೆ ಇಂಗ್ಲಿಷ್ ಬರುದಿಲ್ಲ. ಹಾಗಾದ್ರೆ ನಾನು ಎಂತ ಮಾಡ್ಬೇಕು?" ವಿನಯಾ, "ಆದಷ್ಟು ಕಡಿಮೆ ಮಾತಾಡಿ ಅಮ್ಮ" ಅಂದಳು. ಲೀಲಾ "ಸರಿ" ಎಂದವಳು ಮೊಮ್ಮಗಳ ಮಟ್ಟಿಗೆ ಬಾಯಿ ಮುಚ್ಚಿಯೇಬಿಟ್ಟಳು. ತಟ್ಟೆ ಇಡುತ್ತಿದ್ದಳು, ತಲೆ ಬಾಚುತ್ತಿದ್ದಳು, ಕೈಸನ್ನೆ ಮಾಡುತ್ತಿದ್ದಳು. ಮಗುವನ್ನು ಹುಟ್ಟಿದ ದಿನದಿಂದ ಎಣ್ಣೆ ಹಚ್ಚಿ ಸ್ನಾನ ಮಾಡಿಸಿದ ಅಜ್ಜಿ ತನ್ನದೇ ಮನೆಯಲ್ಲಿ ಮೂಗಿಯ ಹಾಗೆ ಓಡಾಡುವುದನ್ನು ನಾನು ನೋಡಿದೆ. ಸುಧಾರಣೆ ಎಂದರೆ ಇದು!

ನನ್ನ ಇಂಗ್ಲಿಷ್ ಲೈಸೆನ್ಸ್ ರಿನೀವಲ್ ಮಾಡಲು ಮತ್ತು ಗ್ಯಾಸಿನವರ ಜೊತೆ ಜಗಳಾಡಲು ಸಾಕಾಗುವಷ್ಟು ಉಂಟು. ಮಗುವನ್ನು ಮುದ್ದು ಮಾಡಲು ಸಾಲದು. "ತನ್ವಿ, ಕಮ್. ಸಿಟ್. ಈಟ್. ರೈಸ್ ಈಸ್ ಬಿಕಮಿಂಗ್ ಕೋಲ್ಡ್." ಹೋಟೆಲಿನ ಊಟದ ಗಿರಾಕಿಗಳು ಹೋದ ಮೇಲೆ ಮನೆಗೆ ಬಂದು ನಾನು ಅವಳಿಗೆ ಒಂದು ಏಡಿಯ ಕತೆ ಹೇಳುತ್ತಿದ್ದೆ. ಉರ್ವ ಮಾರ್ಕೆಟಿನ ಮೀನುಬುಟ್ಟಿಯಿಂದ ತಪ್ಪಿಸಿಕೊಂಡ ಏಡಿ ಅದು. ಸಮುದ್ರ ಎಲ್ಲಿ ಎಂದು ಸಿಕ್ಕಿದವರನ್ನೆಲ್ಲ ಕೇಳುತ್ತಾ, ಸಿಟಿ ಬಸ್ಸಿನ ಕಂಡಕ್ಟರನ ಜೊತೆ ಚಿಲ್ಲರೆಗೆ ಜಗಳಾಡುತ್ತಾ ತಿಂಗಳುಗಟ್ಟಲೆ ಊರು ತಿರುಗುತ್ತಿತ್ತು. ಅದೇ ಕತೆ ಇಂಗ್ಲಿಷಿನಲ್ಲಿ ಹೀಗಾಯಿತು: "ಒನ್ ಕ್ರ್ಯಾಬ್ ವಾಸ್ ದೇರ್. ಹಿ ವೆಂಟ್ ಟು ಸೀ. ಫಿನಿಶ್." ತುಳುವಿನಲ್ಲಿ ಸಮುದ್ರವನ್ನೇ ಮುಟ್ಟದ ಏಡಿಯನ್ನು ನಾನು ಎರಡು ವಾಕ್ಯದಲ್ಲಿ ಮುಳುಗಿಸಿಬಿಟ್ಟೆ. ತನ್ವಿ ನನ್ನ ಮುಖ ನೋಡಿದಳು, ಇನ್ನೂ ಉಂಟು ಎಂದು ಕಾದಳು, ಆಮೇಲೆ ತಾನಾಗಿಯೇ ಎದ್ದುಹೋದಳು.

ಮಗು ಮಾತು ಕಡಿಮೆ ಮಾಡಿತು. ಇಂಗ್ಲಿಷಿನಲ್ಲಿ ಕೇಳಿದರೆ 'ಯೆಸ್', 'ನೋ'. ಬೇಲಿಯ ಬೆಕ್ಕು ಬಂದರೆ ಕಿಟಕಿಯಿಂದ ನೋಡುವುದು, ಕರೆಯುವುದಿಲ್ಲ. ವಾಚ್‌ಮನ್ ಕೂಡ ನನ್ನನ್ನು ನಿಲ್ಲಿಸಿ, ಬೇಬಿಗೆ ಹುಷಾರಿಲ್ಲವೇ ಎಂದು ಕೇಳಿದ. ಆ ನಡುವೆ ಪೇರೆಂಟ್ಸ್ ಮೀಟಿಂಗ್ ಬಂತು. ಹೆಡ್‌ಮಿಸ್ ನಗುನಗುತ್ತಾ ಎದುರಾದರು. "ನೋಡಿ, ನಾನು ಹೇಳಿದ್ದೆ ಅಲ್ವಾ? ಎಷ್ಟು ಇಂಪ್ರೂವ್ ಆಗಿದ್ದಾಳೆ! ಈಗ ತುಳು ಒಂದು ಶಬ್ದ ಇಲ್ಲ. ವೆರಿ ಕ್ವಯಟ್, ವೆರಿ ಗುಡ್ ಗರ್ಲ್."

ಕ್ವಯಟ್! ಮಾತು ಕಲಿಸುತ್ತೇವೆ ಎಂದು ಮಗುವನ್ನು ತೆಗೆದುಕೊಂಡವರು, ಅದು ಮಾತು ನಿಲ್ಲಿಸಿದ್ದಕ್ಕೆ ಗುಡ್ ಎಂದು ಸರ್ಟಿಫಿಕೇಟ್ ಕೊಡುತ್ತಿದ್ದಾರೆ. ನನ್ನ ಹೋಟೆಲಿಗೆ ಬಂದವನು ಉಣ್ಣದೆ ಎದ್ದುಹೋದರೆ ನಾನು 'ಊಟ ಚೆನ್ನಾಗಿತ್ತಲ್ಲ' ಎಂದು ಕೈಮುಗಿದ ಹಾಗಾಯಿತು. ಪಕ್ಕದಲ್ಲಿ ವಿನಯಾ "ಥ್ಯಾಂಕ್ಯೂ ಮ್ಯಾಮ್" ಅಂದಳು. ಆದರೆ ಆ ದಿನ ಅವಳ ಮುಖದಲ್ಲಿ ನಗು ಇರಲಿಲ್ಲ.

ಅದಾಗಿ ಎರಡು ದಿನಕ್ಕೆ, ಸಂಜೆ. ಲೀಲಾ ಹಾಲು ತರಲು ಹೋಗಿದ್ದಳು. ತನ್ವಿ ಊಟದ ಮೇಜಿನ ಕೆಳಗೆ ಗೊಂಬೆಯೊಂದನ್ನು ಹಿಡಿದು ಕೂತಿದ್ದಳು. ನಾನು ಬಗ್ಗಿ, ಆದಷ್ಟು ಮೆತ್ತಗೆ, "ತನ್ವಿ, ವಾಟ್ ಆರ್ ಯು ಡೂಯಿಂಗ್ ದೇರ್? ಕಮ್ ಔಟ್" ಅಂದೆ. ಅವಳು ಗೊಂಬೆಯನ್ನು ಪಕ್ಕಕ್ಕಿಟ್ಟು ಮೇಜಿನ ಕೆಳಗಿನಿಂದ ತೆವಳಿ ಹೊರಗೆ ಬಂದಳು. ನನ್ನ ಹತ್ತಿರ ಬಂದು, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ಬಾಗಿಲ ಕಡೆಗೊಮ್ಮೆ ನೋಡಿ, ನನ್ನ ಕಿವಿಗೆ ಬಾಯಿಟ್ಟು ಕೇಳಿದಳು:

"ಅಜ್ಜಾ, ಯಾನ್ ದಾದ ತಪ್ಪು ಮಲ್ತೆ?"

ನಾನು ಏನು ತಪ್ಪು ಮಾಡಿದೆ?

ಅವಳು ಹೀಗೆ ಕೇಳಿದ್ದು ಯಾಕೆಂದು ನನಗೆ ಆಗ ಹೊಳೆಯಿತು. ನಮ್ಮ ಮನೆಯಲ್ಲಿ ಇದಕ್ಕೆ ಮೊದಲು ಮಗುವಿನ ಹತ್ತಿರ ಇಂಗ್ಲಿಷ್ ಮಾತಾಡುತ್ತಿದ್ದದ್ದು ಯಾವಾಗ? ಬೈಯುವಾಗ ಮಾತ್ರ. ಉಣಿಸುವುದು ತುಳುವಿನಲ್ಲಿ, ಮಲಗಿಸುವುದು ತುಳುವಿನಲ್ಲಿ, ಮುತ್ತು ಕೊಡುವುದು ತುಳುವಿನಲ್ಲಿ. ಗೋಡೆಯ ಮೇಲೆ ಬರೆದಾಗ, ನೀರು ಚೆಲ್ಲಿದಾಗ, ಹಟ ಹಿಡಿದಾಗ ಮಾತ್ರ ವಿನಯಾ ಸ್ವರ ಬಿಗಿಮಾಡಿ "ಸ್ಟಾಪ್ ಇಟ್. ಕಮ್ ಹಿಯರ್. ಈನಫ್" ಎನ್ನುತ್ತಿದ್ದಳು. ಮಂಗಳೂರಿನ ಎಷ್ಟು ಮನೆಗಳಲ್ಲಿ ಹೀಗೇ ನಡೆಯುವುದಿಲ್ಲ ಹೇಳಿ? ಮಗು ಭಾಷೆಗಳನ್ನು ನಾವು ಉಪಯೋಗಿಸಿದ ಹಾಗೆಯೇ ಕಲಿತಿತ್ತು. ಇಷ್ಟು ದಿನ ಅಜ್ಜ, ಅಮ್ಮ ಇಬ್ಬರೂ ಹಗಲಿಡೀ ತನಗೆ ಬೈಯುತ್ತಿದ್ದಾರೆ, ಅಜ್ಜಿ ಮಾತನ್ನೇ ಬಿಟ್ಟಿದ್ದಾಳೆ ಎಂದು ಅದು ತಿಳಿದಿತ್ತು. ಮಾಡಿದ ತಪ್ಪು ಏನೆಂದು ಮಾತ್ರ ತಿಳಿದಿರಲಿಲ್ಲ. ಅದನ್ನು ಒಬ್ಬಳೇ ಹುಡುಕುತ್ತಾ, ಹೇಳಿದ್ದಕ್ಕೆಲ್ಲ 'ಯೆಸ್' ಎನ್ನುತ್ತಾ, ಶಾಲೆಯಲ್ಲಿ ವೆರಿ ಗುಡ್ ಗರ್ಲ್ ಆಗುತ್ತಾ ಇತ್ತು.

ಬಾಗಿಲಲ್ಲಿ ವಿನಯಾ ನಿಂತಿದ್ದಳು. ಬ್ಯಾಂಕಿನಿಂದ ಬಂದವಳು ಚಪ್ಪಲಿ ಬಿಚ್ಚಿರಲಿಲ್ಲ. ಕೇಳಿಸಿಕೊಂಡಿದ್ದಾಳೆ ಎಂದು ಅವಳ ಮುಖವೇ ಹೇಳುತ್ತಿತ್ತು. ಓಡಿಬಂದು ನೆಲದಲ್ಲಿ ಕೂತು, ಮಗುವಿನ ಎರಡೂ ಕೈ ಹಿಡಿದು, "ನೋ ಬೇಬಿ, ಯು ಡಿಡಂಟ್ ಡು ಎನಿಥಿಂಗ್ ರಾಂಗ್" ಅಂದಳು. ಅಭ್ಯಾಸಬಲ. ತನ್ವಿ ಕೈ ಬಿಡಿಸಿಕೊಂಡು ನನ್ನ ಕಾಲಿನ ಹಿಂದೆ ಅಡಗಿದಳು.

ವಿನಯಾ ಅಲ್ಲೇ ಕೂತು ಅತ್ತಳು. ಕಾಲೇಜಿನಲ್ಲಿ ನಿಂತಲ್ಲೇ ನಿಂತಿದ್ದಳಲ್ಲ, ಆವತ್ತು ಕೂಡ ಹೀಗೇ ಇದ್ದಿರಬೇಕು, ಹೇಳಬೇಕಾದ್ದು ಬಾಯಿ ತನಕ ಬಂದು ನಿಂತು. ಆಮೇಲೆ ಕಣ್ಣೊರೆಸಿಕೊಂಡು ಮಗುವನ್ನು ಬಾಗಿ ನೋಡಿ ಹೇಳಿದಳು:

"ಇಜ್ಜಿ ಮಗಾ. ನಿನ್ನ ದಾಲ ತಪ್ಪಿಜ್ಜಿ."

ಇಲ್ಲ ಮಗಾ, ನಿನ್ನದು ಏನೂ ತಪ್ಪಿಲ್ಲ. ತನ್ವಿ ನನ್ನ ಕಾಲಿನ ಹಿಂದಿನಿಂದ ಅರ್ಧ ಮುಖ ಹೊರಗೆ ಹಾಕಿದಳು. ತಾಯಿಯನ್ನು ನೋಡಿದಳು. ಕತ್ತೆತ್ತಿ ನನ್ನನ್ನು ನೋಡಿದಳು. ಅನುಮಾನ ಪೂರ್ತಿ ಹೋಗಿರಲಿಲ್ಲ.

"ಅಂಚಾಂಡ ಅಜ್ಜನ ತಪ್ಪಾ?" ಹಾಗಾದರೆ ಅಜ್ಜನ ತಪ್ಪಾ?

"ಇಜ್ಜಿ, ಅಜ್ಜನಲಾ ಅತ್ತ್." ಅಜ್ಜನದ್ದೂ ಅಲ್ಲ.

ಮಗು ಹೊರಗೆ ಬಂತು. ತಾಯಿಯ ತೊಡೆಯ ಮೇಲೆ ಕೂತಿತು. ಇಷ್ಟು ದಿನ ಇಷ್ಟು ಜನ ಸೇರಿ ಇಷ್ಟೊಂದು ಬೈದಿದ್ದಾರೆ, ತಪ್ಪು ಯಾರದ್ದಾದರೂ ಇರಲೇಬೇಕಲ್ಲ ಎಂದು ಯೋಚಿಸಿ, ನಮ್ಮಿಬ್ಬರನ್ನೂ ನೋಡುತ್ತಾ ಸ್ಪಷ್ಟವಾಗಿ ಕೇಳಿತು:

"ಅಂಚಾಂಡ ಏರೆನ?"

ಹಾಗಾದರೆ ಯಾರದ್ದು? ವಿನಯಾ ನನ್ನ ಮುಖ ನೋಡಿದಳು. ಆ ಪ್ರಶ್ನೆಗೆ ಉತ್ತರ ನನಗೆ ಬರುವ ಎಲ್ಲ ಭಾಷೆಗಳಲ್ಲಿಯೂ ಉಂಟು. ಮಗುವಿನ ಎದುರು ಹೇಳುವ ಹಾಗೆ ಒಂದರಲ್ಲಿಯೂ ಇಲ್ಲ.